ಕಟ್ಟೆ ಒಡೆದಿರಲಿಲ್ಲ

ಬೆಳಿಗ್ಗೆ ಏಳೂವರೆಗೆ ಚಿಕ್ಕಬಳ್ಳಾಪುರದ ನನ್ನ ಅಡುಗೆಮನೆಯಲ್ಲಿ ನಿಂತುಕೊಂಡು, ಸಾದಲಿ ಹೋಬಳಿಯ ಒಂದು ಹಳ್ಳಿಯಲ್ಲಿ ಕೆರೆ ಕಟ್ಟೆ ಒಡೆದಿದೆ, ನಾನು ಸ್ಥಳದಲ್ಲೇ ಇದ್ದೇನೆ ಎಂದು ಟೀವಿಯಲ್ಲಿ ಹೇಳಿದೆ. ಹೇಳುವ ಮೊದಲು ಒಗ್ಗರಣೆಯ ಸದ್ದು ಕೇಳಿಸಬಾರದೆಂದು ಒಲೆ ಆರಿಸಿದ್ದೆ. ಗಾಳಿಯ ಸದ್ದು ಬರಲೆಂದು ಕಿಟಕಿ ತೆರೆದಿದ್ದೆ. ಇದನ್ನು ಯಾರೂ ನನಗೆ ಹೇಳಿಕೊಟ್ಟದ್ದಲ್ಲ. ಜಿಲ್ಲಾ ವರದಿಗಾರಿಕೆಯಲ್ಲಿ ವರ್ಷಗಟ್ಟಲೆ ಸವೆದವರಿಗೆ ಇಂಥ ಜಾಣತನ ತಾನಾಗಿ ಬರುತ್ತದೆ.

ನಮ್ಮಲ್ಲಿ ಇದಕ್ಕೆ ಫೋನೋ ಎನ್ನುತ್ತಾರೆ. ವರದಿಗಾರರು ಫೋನಿನಲ್ಲಿ ಮಾತಾಡುತ್ತಾರೆ, ತೆರೆಯ ಮೇಲೆ ಅವರು ಮೈಕ್ ಹಿಡಿದ ಫೋಟೋ ಬರುತ್ತದೆ, ಪಕ್ಕದಲ್ಲಿ ದೃಶ್ಯ ಓಡುತ್ತದೆ. ನಿರೂಪಕಿ "ಸ್ಥಳದಿಂದ ನಮ್ಮ ಪ್ರತಿನಿಧಿ" ಎಂದೇ ಶುರು ಮಾಡುತ್ತಾಳೆ. ಅದನ್ನು ಅಲ್ಲಗಳೆಯುವುದು ಸಭ್ಯತೆಯಲ್ಲ ಎಂಬುದು ನಮ್ಮ ಕಸುಬಿನ ರೂಢಿ. ನನ್ನ ಕೈಯಲ್ಲಿದ್ದದ್ದು ವಾಟ್ಸಾಪ್ ಗುಂಪಿಗೆ ಬಂದ ಹದಿನೆಂಟು ಸೆಕೆಂಡಿನ ವಿಡಿಯೋ ಮಾತ್ರ. ಕಲ್ಲುಗಳ ನಡುವಿನಿಂದ ಕೆಂಪು ನೀರು ಧುಮ್ಮಿಕ್ಕುತ್ತಿತ್ತು, ಜನ ಕೂಗುತ್ತ ಕಟ್ಟೆಯ ಮೇಲೆ ಓಡುತ್ತಿದ್ದರು. ವಾರದಿಂದ ಸುರಿದ ಮಳೆ. ಒಡೆದಿದೆ ಎನ್ನಲು ನನಗೆ ಅಷ್ಟೇ ಸಾಕಾಯಿತು. ಬೆಂಗಳೂರಿನ ಡೆಸ್ಕಿನವರಿಗೆ ನನಗಿಂತ ಕಡಿಮೆ ಸಾಕಾಯಿತು. ಎಂದೋ ಬೇರೆ ಯಾವುದೋ ಜಿಲ್ಲೆಯಲ್ಲಿ ಕೆರೆ ಒಡೆದಾಗಿನ ದೃಶ್ಯ ಹಾಕಿ, ಕೆಳಗೆ ಕೆಂಪು ಪಟ್ಟಿಯಲ್ಲಿ ಈ ಊರಿನ ಹೆಸರು ಓಡಿಸಿದರು.

ಎಂಟು ಗಂಟೆಗೆ ಪ್ರೊಡ್ಯೂಸರ್ ಫೋನ್ ಮಾಡಿದರು. ಬುಲೆಟಿನ್‌ನಲ್ಲಿ ಏನು ಹೋಗಬೇಕು, ಎಷ್ಟು ಹೊತ್ತು ಹೋಗಬೇಕು ಎಂದು ತೀರ್ಮಾನಿಸುವವರು ಅವರು. "ಸ್ಪಾಟಲ್ಲೇ ಇದೀರಲ್ಲ, ವಿಡಿಯೋ ಲೈವ್ ಕೊಡಿ" ಎಂದರು. "ಇಲ್ಲಿ ಸಿಗ್ನಲ್ ಸಮಸ್ಯೆ ಸರ್, ನೋಡ್ತಾ ಇದೀನಿ" ಎಂದೆ, ಚಪ್ಪಲಿ ಹುಡುಕುತ್ತ.

ನಮ್ಮ ಕ್ಯಾಮೆರಾಮನ್ ಗೌರಿಬಿದನೂರು ಕಡೆಯವನು. ಮಳೆಯ ಸುದ್ದಿಗೆಂದು ಹಿಂದಿನ ದಿನವೇ ಬಂದು ನಮ್ಮ ಮನೆಯ ಹತ್ತಿರ ಉಳಿದಿದ್ದ. ಕಾರೂ ಅವನದೇ. ಶಿಡ್ಲಘಟ್ಟದಲ್ಲಿ ರೇಷ್ಮೆ ಗೂಡಿನ ಮಾರುಕಟ್ಟೆಯ ಮುಂದೆ ಟೀ ಕುಡಿಯುತ್ತಿದ್ದವರು ಕೆರೆ ಒಡೆದದ್ದನ್ನೇ ಮಾತಾಡುತ್ತಿದ್ದರು. ನಾನು ಫೋನೋದಲ್ಲಿ ಬಳಸಿದ ಮಾತುಗಳು ಒಂದಕ್ಷರ ಬದಲಾಗದೆ ಅವರ ಬಾಯಲ್ಲಿದ್ದವು. ಅದನ್ನು ಕೇಳಿ ನನಗೆ ಧೈರ್ಯ ಬಂತು. ಇಷ್ಟು ಜನ ಹೇಳುತ್ತಿದ್ದಾರೆಂದರೆ ನಿಜವೇ ಇರಬೇಕು ಎಂದುಕೊಂಡೆ. ನನ್ನ ತಲೆ ಆವತ್ತು ಹೀಗೆ ಓಡುತ್ತಿತ್ತು. ಸಾದಲಿ ದಾಟಿದ ಮೇಲೆ ಲಗೇಜ್ ಆಟೋದಲ್ಲಿ ಪಾತ್ರೆ ಪಡಗ, ರೇಷ್ಮೆ ಹುಳುವಿನ ತಟ್ಟೆಗಳನ್ನು ಪೇರಿಸಿಕೊಂಡು ಒಂದು ಸಂಸಾರ ಎದುರಿಗೆ ಬಂತು. ಕ್ಯಾಮೆರಾಮನ್ ಕಾರು ನಿಲ್ಲಿಸಿ ಶೂಟ್ ಮಾಡಿಕೊಂಡ.

ಊರಿನ ಮುಂದೆ ರಸ್ತೆಯ ಮೇಲೆ ಮೊಣಕಾಲುದ್ದ ನೀರು ಹರಿಯುತ್ತಿತ್ತು. ಕಾರನ್ನು ಹೇಗೋ ಆಚೆ ದಾಟಿಸಿ ತಿರುವು ತೆಗೆದುಕೊಂಡೆವು. ಎದುರಿಗೆ ಕೆರೆ. ಕಟ್ಟೆ ಈ ತುದಿಯಿಂದ ಆ ತುದಿಯವರೆಗೆ ನೆಟ್ಟಗೆ ನಿಂತಿತ್ತು. ಬಲಗಡೆಯ ಕೊನೆಯಲ್ಲಿ, ತುಂಬಿದ ಕೆರೆಯ ಹೆಚ್ಚುವರಿ ನೀರು ಹೋಗಲೆಂದೇ ಕಟ್ಟಿದ ಕೋಡಿಯ ಕಲ್ಲುಗಳ ಮೇಲಿಂದ ನೀರು ಧುಮ್ಮಿಕ್ಕುತ್ತಿತ್ತು. ವಿಡಿಯೋದಲ್ಲಿ ನಾನು ನೋಡಿದ್ದು ಅದನ್ನೇ. ಜನ ಹೆದರಿ ಓಡಿದ್ದಲ್ಲ. ಎಷ್ಟೋ ವರ್ಷಗಳ ಮೇಲೆ ಕೋಡಿ ಹರಿದದ್ದನ್ನು ನೋಡಲು ಓಡಿದ್ದರು.

ತುಂಬಿದ ಕೆರೆಯ ಕಟ್ಟೆ ಗಟ್ಟಿಯಾಗಿ ನಿಂತಿರುವುದನ್ನು ಕಂಡು ಬೇಸರಪಟ್ಟವಳು ನಮ್ಮ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. "ತಿರುಗಿಸು ಗಾಡಿ" ಎಂದೆ. ಅಷ್ಟರಲ್ಲಿ ಕಾರಿನ ಸುತ್ತ ಜನ ನಿಂತಿದ್ದರು.

ಐವತ್ತರ ಹತ್ತಿರದ ಒಬ್ಬ ಹೆಂಗಸು ಕಿಟಕಿಯೊಳಗೆ ಬಗ್ಗಿದರು. ಸೀರೆಯನ್ನು ಮೊಣಕಾಲಿಗೆ ಎತ್ತಿಕಟ್ಟಿ, ಅದರ ಮೇಲೆ ಗಂಡಸರ ಅಂಗಿ ತೊಟ್ಟಿದ್ದರು. ಮೈಯೆಲ್ಲ ಕೆಸರು. ಅವರು ಶಿಡ್ಲಘಟ್ಟದಲ್ಲಿ ಹೈಸ್ಕೂಲ್ ಟೀಚರ್ ಎಂದು ಆಮೇಲೆ ತಿಳಿಯಿತು. ಊರವರೆಲ್ಲ ಟೀಚರಮ್ಮ ಎನ್ನುತ್ತಿದ್ದರು.

"ನೀವೇ ಅಲ್ವೇನಮ್ಮ ಬೆಳಿಗ್ಗೆ ಟೀವಿಲಿ ಬಂದಿದ್ದು?"

"ಹೌದು."

"ಇಲ್ಲೇ ಇದೀನಿ ಅಂದ್ರಲ್ಲ, ಎಲ್ಲಿದ್ರಿ? ನಾವೆಲ್ಲ ರಾತ್ರಿಯಿಂದ ಇದೇ ಕಟ್ಟೆ ಮೇಲಿದೀವಿ. ನಮಗ್ಯಾಕೆ ಕಾಣ್ಲಿಲ್ಲ ನೀವು?"

ನಾನು ಕ್ಯಾಮೆರಾಮನ್‌ಗೆ ಹೊರಡು ಎಂದು ಸನ್ನೆ ಮಾಡಿದೆ. ಟೀಚರಮ್ಮ ಕೈ ಒಳಗೆ ಹಾಕಿ ಕಾರಿನ ಕೀ ಕಿತ್ತುಕೊಂಡರು. ಸಿಟ್ಟಿನಿಂದ ಕಿತ್ತ ಹಾಗಿರಲಿಲ್ಲ. ಪರೀಕ್ಷೆಯಲ್ಲಿ ಕಾಪಿ ಹೊಡೆದವರ ಚೀಟಿ ತೆಗೆದುಕೊಳ್ಳುವ ಹಾಗೆ ತೆಗೆದುಕೊಂಡರು. "ಒಡೆದಿರೋದನ್ನ ತೋರ್ಸಿ, ಕೊಡ್ತೀನಿ" ಎಂದರು.

ನನಗೆ ಸಿಟ್ಟು ನೆತ್ತಿಗೇರಿತು. ಪ್ರೆಸ್‌ನವರನ್ನು ಹೀಗೆ ತಡೆಯುವ ಹಾಗಿಲ್ಲ, ಕೇಸಾಗುತ್ತದೆ ಎಂದು ದಬಾಯಿಸಿದೆ. ತಪ್ಪು ಮಾಡಿದಾಗಲೇ ನನ್ನ ದನಿ ದೊಡ್ಡದಾಗುವುದು, ಮನೆಯಲ್ಲೂ ಅಷ್ಟೇ. ಟೀಚರಮ್ಮ ಕಟ್ಟೆಯ ಕಡೆ ನಡೆದರು. ಕೀ ಅವರ ಜೊತೆ ಹೋಯಿತು, ಹಾಗಾಗಿ ನಾವೂ ಹೋಗಬೇಕಾಯಿತು.

ಕಟ್ಟೆಯ ನಡುಮಧ್ಯೆ ತೂಬು. ಗದ್ದೆಗೆ ನೀರು ಬಿಡುವ ಕಲ್ಲಿನ ಕಿಂಡಿ ಅದು. ಅದರ ಕೆಳಗಡೆ ಟೀಚರಮ್ಮನ ತಂದೆ ಕುಕ್ಕರಗಾಲಲ್ಲಿ ಕೂತು ನೀರು ನೋಡುತ್ತಿದ್ದರು. ಅವರು ಈ ಕೆರೆಯ ನೀರುಗಂಟಿ. ಯಾವಾಗ ತೂಬು ತೆಗೆಯಬೇಕು, ಯಾವ ಗದ್ದೆಗೆ ಎಷ್ಟು ನೀರು ಎಂದು ನೋಡಿಕೊಳ್ಳುವ ಕೆಲಸ ಅವರ ಮನೆತನದ್ದು. ಊರಿಗೆಲ್ಲ ಅವರು ತಾತ.

"ನೀಳ್ಳು ಎರ್ರಗಾ ವಸ್ತಾ ಉಂಡಾಯಿ, ಚೂಡಮ್ಮಾ" ಎಂದರು ತೆಲುಗಿನಲ್ಲಿ, ನನ್ನ ಕಡೆ ತಿರುಗದೆ. ಆಮೇಲೆ ಕನ್ನಡದಲ್ಲಿ ಹೇಳಿದರು: "ಕೆಂಪುಗೆ ಬತ್ತಾ ಐತೆ ನೀರು. ತಿಳೀಗೆ ಜಿನುಗಿದ್ರೆ ಭಯ ಇಲ್ಲ. ಕೆಂಪುಗೈತೆ ಅಂದ್ರೆ ಒಳಗಡೆ ಮಣ್ಣು ಕರಗ್ತಾ ಐತೆ ಅಂತ. ಹಿಂಗೇ ಬಿಟ್ರೆ ಸಾಯಂಕಾಲಕ್ಕೆ ನೀನು ಹೇಳಿದ್ದು ನಿಜ ಆಗೋಯ್ತದೆ."

ಉಳಿದದ್ದನ್ನು ಟೀಚರಮ್ಮ ಹೇಳಿದರು. ಸೋರಿಕೆಯನ್ನು ರಾತ್ರಿಯೇ ಪತ್ತೆ ಮಾಡಿ ನೀರಾವರಿ ಇಲಾಖೆಯ ಇಂಜಿನಿಯರಿಗೆ ತಿಳಿಸಿದ್ದರು. ಚಿಂತಾಮಣಿ ಕಡೆಯಿಂದ ಎರಡು ಟ್ರ್ಯಾಕ್ಟರ್ ಮರಳು ಮೂಟೆ, ಒಂದು ಜೆಸಿಬಿ ಹೊರಟಿದ್ದವು. ಆ ಕಡೆಯ ರಸ್ತೆಯಲ್ಲಿ ನೀರಿರಲಿಲ್ಲ, ಅರ್ಧ ದಾರಿ, ಕೆಂಚಾರ್ಲಹಳ್ಳಿಯವರೆಗೆ ಬಂದವು. ಅಲ್ಲಿ ಹೋಟೆಲಿನಲ್ಲಿ ಟೀವಿ ಹಾಕಿದ್ದರು. ಒಡೆದುಹೋದ ಕಟ್ಟೆಯನ್ನೂ ಊರಿನ ಹೆಸರನ್ನೂ ನೋಡಿದ ಡ್ರೈವರ್‌ಗಳು ಅಲ್ಲೇ ನಿಂತರು. ಕಟ್ಟೆಯೇ ಹೋದ ಮೇಲೆ ಮೂಟೆ ತೆಗೆದುಕೊಂಡು ಯಾರು ಹೋಗುತ್ತಾರೆ? ಮುನ್ನೆಚ್ಚರಿಕೆಗೆಂದು ಊರಿನ ಕರೆಂಟನ್ನೂ ತೆಗೆದಿದ್ದರು.

ಇದು ನನ್ನ ತಲೆಗೆ ಇಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ಕಟ್ಟೆ ಒಡೆದಿರಲಿಲ್ಲ. ಒಡೆದಿದೆ ಎಂದು ನಾನು ಹೇಳಿದ್ದರಿಂದ ಈಗ ಒಡೆಯಬಹುದಾಗಿತ್ತು. ಕಟ್ಟೆಯ ಕೆಳಗೆ ಊರು ಕಾಣುತ್ತಿತ್ತು. ಒಂದು ಮನೆಯ ಮುಂದೆ ಒಬ್ಬಾಕೆ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತ ಕೂತಿದ್ದರು. ಹುಳುಗಳು ನಾಲ್ಕನೇ ಜ್ವರ ಎದ್ದಿವೆ, ಕೊನೆಯ ಸಲ ಪೊರೆ ಬಿಟ್ಟಿವೆ, ಈಗ ಮೇವು ತಪ್ಪಿಸುವ ಹಾಗಿಲ್ಲ, ನಾನು ಮನೆ ಬಿಡುವುದಿಲ್ಲ ಎಂದು ಕೂತವರು. ಅಂಥವರು ಇನ್ನೂ ಹತ್ತಾರು ಮನೆಗಳಲ್ಲಿದ್ದಾರೆ ಎಂದರು ಟೀಚರಮ್ಮ.

"ಫೋನ್ ಮಾಡಿ ಹೇಳಿ ಇಂಜಿನಿಯರಿಗೆ" ಎಂದೆ.

ಟೀಚರಮ್ಮ ನನ್ನ ಎದುರೇ ಸ್ಪೀಕರ್ ಹಾಕಿ ಫೋನ್ ಮಾಡಿದರು.

"ಮೇಡಂ, ನೀವು ಇನ್ನೂ ಯಾಕ್ರೀ ಅಲ್ಲಿದೀರಾ? ಮೊದಲು ಊರು ಬಿಡಿ" ಎಂದಿತು ಆ ಕಡೆಯ ದನಿ.

"ಸರ್, ಒಡೆದಿಲ್ಲ. ನಾನು ಕಟ್ಟೆ ಮೇಲೇ ನಿಂತ್ಕೊಂಡು ಮಾತಾಡ್ತಿದೀನಿ. ವಿಡಿಯೋನೂ ಕಳ್ಸಿದೀನಲ್ಲ."

"ನೋಡ್ದೆ ಮೇಡಂ. ಅದು ಒಡೆಯೋಕಿಂತ ಮುಂಚೆದು ಅಂತವ್ರೆ. ಟೀವಿಲೇ ತೋರಿಸ್ತಾವ್ರೆ, ರಿಪೋರ್ಟರ್ ಸ್ಪಾಟಲ್ಲೇ ಇದ್ದಾರೆ. ನಾನು ಗಾಡಿ ಕಳ್ಸಿ ನಾಳೆ ಏನಾದ್ರೂ ಆದ್ರೆ ನನ್ನ ಕುತ್ತಿಗೆಗೆ ಬರುತ್ತೆ."

ಕಟ್ಟೆಯ ಮೇಲಿದ್ದವರ ಮಾತಿಗಿಂತ, ಇಪ್ಪತ್ತು ಮೂವತ್ತು ಮೈಲಿ ಆಚೆ ಕಿಟಕಿ ತೆರೆದು ನಾನಾಡಿದ ಮಾತಿಗೆ ತೂಕ ಜಾಸ್ತಿ. ಟೀಚರಮ್ಮ ಫೋನ್ ಇಟ್ಟು ನನ್ನ ಮುಖ ನೋಡಿದರು. ಲೈವ್ ಬಿಟ್ಟು ಬೇರೆ ದಾರಿಯಿಲ್ಲ ಎಂಬುದು ಇಬ್ಬರಿಗೂ ಗೊತ್ತಾಗಿತ್ತು. ಹಳೆಯದು ಎಂದು ಯಾರೂ ತಳ್ಳಿಹಾಕಲಾಗದ್ದು ಅದೊಂದೇ.

ಕ್ಯಾಮೆರಾಮನ್ ಬ್ಯಾಗು ತಂದ. ಬೆನ್ನಿಗೆ ಹಾಕಿಕೊಳ್ಳುವ ಈ ಬ್ಯಾಗಿನಲ್ಲಿ ಆರು ಸಿಮ್ ಇರುತ್ತವೆ, ಎಲ್ಲದರ ಸಿಗ್ನಲ್ ಕೂಡಿಸಿಕೊಂಡು ಚಿತ್ರವನ್ನು ಬೆಂಗಳೂರಿಗೆ ಮುಟ್ಟಿಸುತ್ತದೆ. ಊರೊಳಗೆ ಆರೂ ಸತ್ತಿದ್ದವು. ಕಟ್ಟೆಯುದ್ದಕ್ಕೂ ನಡೆದು ನೋಡಿದೆವು. ತೂಬಿನ ನೆತ್ತಿಯ ಮೇಲೆ, ಒಂದು ಮಂಚದಷ್ಟು ಜಾಗದಲ್ಲಿ, ಮೂರು ಸಿಮ್ ಜೀವ ಹಿಡಿದವು. ಎರಡು ಹೆಜ್ಜೆ ಈಚೆ ಬಂದರೆ ಚಿತ್ರ ಹೆಪ್ಪುಗಟ್ಟುತ್ತಿತ್ತು. ಕೆಳಗೆ ಮಣ್ಣು ಕರಗುತ್ತಿದ್ದ ಜಾಗದ ಮೇಲೆಯೇ ನಾವಿಬ್ಬರೂ ಅಲುಗದೆ ನಿಲ್ಲಬೇಕಾಯಿತು.

ಇಯರ್‌ಪೀಸ್ ಸಿಕ್ಕಿಸಿಕೊಂಡು ಪ್ರೊಡ್ಯೂಸರಿಗೆ ವಿಷಯ ಹೇಳಿದೆ.

"ಒಡೆದೇ ಇಲ್ವಾ?"

"ಇಲ್ಲ ಸರ್."

"ಏನ್ರೀ ನೀವು! ನಮ್ಮನ್ನ ನೋಡ್ಕೊಂಡು ಎಲ್ಲಾ ಚಾನೆಲ್‌ನೋರೂ ಹಾಕ್ಬಿಟ್ಟವ್ರೆ." ಆಮೇಲೆ, "ಸೋರ್ತಾ ಇದೆ ಅಂದ್ರಲ್ಲ. ಭಾಗಶಃ ಕುಸಿತ ಅನ್ನಿ. ಸ್ಟ್ಯಾಂಡ್ ಬೈ ಇರಿ" ಎಂದರು.

ಸ್ಟ್ಯಾಂಡ್ ಬೈ ಎಂದರೆ ಮೈಕ್ ಹಿಡಿದು, ಕ್ಯಾಮೆರಾ ನೋಡಿಕೊಂಡು, ಸಿದ್ಧವಾಗಿ ನಿಲ್ಲುವುದು. ಯಾವ ಗಳಿಗೆಯಲ್ಲಾದರೂ ಕರೆಯಬಹುದು. ಅದಕ್ಕೇ ಕೂರುವಂತಿಲ್ಲ, ಆಚೀಚೆ ಹೋಗುವಂತಿಲ್ಲ. ಬೆಂಗಳೂರಿನಲ್ಲಿ ಯಾರೋ ದೊಡ್ಡವರ ಪತ್ರಿಕಾಗೋಷ್ಠಿ ಶುರುವಾಗಿತ್ತು. ಅದು ಮುಗಿದ ಮೇಲೆ ನಾನು. ಕಿವಿಯಲ್ಲಿ ಅವರ ಭಾಷಣ, ಕಾಲಡಿಯಲ್ಲಿ ಗುದ್ದಲಿ ಸದ್ದು. ಜನ ಚೀಲಗಳಿಗೆ ಹಸಿಮಣ್ಣು ತುಂಬುತ್ತಿದ್ದರು. ಚೀಲ ಮುಗಿದ ಮೇಲೆ, ಹುಳುಗಳು ಸೊಪ್ಪು ತಿಂದು ಉಳಿದ ಹಿಪ್ಪುನೇರಳೆ ಕಡ್ಡಿಗಳನ್ನು ಹೊರೆ ಕಟ್ಟಿ, ನಡುವೆ ಜೇಡಿಮಣ್ಣು ಮೆತ್ತಿ, ನೀರಿನ ಕಡೆ ಇಳಿಸತೊಡಗಿದರು. ತಾತ ಕೆಳಗಿನಿಂದ ಕೂಗಿ ಜಾಗ ಹೇಳುತ್ತಿದ್ದರು. ಅರ್ಧ ಗಂಟೆಯಾಯಿತು. ಮುಕ್ಕಾಲು ಗಂಟೆಯಾಯಿತು. ನೀರಿನ ಕೆಂಪು ಕಡಿಮೆಯಾಗಲಿಲ್ಲ. ಬ್ಯಾಗಿನ ಮೊದಲ ಬ್ಯಾಟರಿ ಮುಗಿದು ಎರಡನೆಯದು ಹಾಕಿದೆವು. ಮೂರನೆಯದು ಇರಲಿಲ್ಲ.

ನಾನು ಹೆದರಿದ್ದೆ. ಮುಳುಗುತ್ತೇನೆ ಎಂಬ ಹೆದರಿಕೆಯೂ ಇತ್ತು, ಕೆಲಸ ಹೋಗುತ್ತದೆ ಎಂಬುದೂ ಇತ್ತು. ಯಾವುದು ಹೆಚ್ಚು ಎಂದು ಕೇಳಿದರೆ ಇವತ್ತೂ ಮುಖ ತಗ್ಗಿಸಬೇಕಾಗುತ್ತದೆ.

ಕ್ಯಾಮೆರಾಮನ್ ಪಿಸುದನಿಯಲ್ಲಿ, "ಮೇಡಂ, ಒಂದು ಮಾತು. ಕೋಡಿ ನೀರನ್ನ ಟೈಟಾಗಿ ಫ್ರೇಮ್ ಮಾಡಿದ್ರೆ ಒಡೆದಂಗೇ ಕಾಣುತ್ತೆ. ನೀವು ಬೆಳಿಗ್ಗೆ ಹೇಳಿದ್ದಕ್ಕೂ ಸರಿಹೋಗುತ್ತೆ. ಆಮೇಲೆ ದುರಸ್ತಿ ನಡೀತಾ ಇದೆ, ಮೂಟೆ ಬೇಕು ಅನ್ನಿ" ಎಂದ. ಅವನು ಕೆಟ್ಟವನಲ್ಲ. ನನ್ನನ್ನು ಉಳಿಸಲು ಹೇಳಿದ್ದು. ನಾನೂ ಆ ಫ್ರೇಮನ್ನು ಮನಸ್ಸಿನಲ್ಲೇ ಕಟ್ಟಿ ನೋಡಿದೆ. ಚೆನ್ನಾಗಿಯೇ ಇತ್ತು. ಆದರೆ ಅದನ್ನು ನೋಡಿದ ಡ್ರೈವರ್ ಒಡೆದ ಕಟ್ಟೆಯ ಮೇಲೆ ಜೆಸಿಬಿ ಹತ್ತಿಸುತ್ತಾನೆಯೇ? ಇಡೀ ಕಟ್ಟೆ ಕಾಣಬೇಕು. ಎಲ್ಲೂ ಕಟ್ ಇಲ್ಲದೆ, ಒಂದೇ ಶಾಟಿನಲ್ಲಿ, ಈ ತುದಿಯಿಂದ ಆ ತುದಿಗೆ.

"ವೈಡ್" ಎಂದೆ. "ಎಡಗಡೆ ಆಲದ ಮರದಿಂದ ಶುರು ಮಾಡು. ನಿಧಾನಕ್ಕೆ ಬಲಗಡೆ ಕೋಡಿವರೆಗೆ ಹೋಗು. ನನ್ನ ಮುಖ ಆಮೇಲೆ."

ಮಿಕ್ಕದ್ದು ಮಾತಿನ ಕ್ರಮ. ನನಗೆ ಒಂದು ನಿಮಿಷ ಕೊಡುತ್ತಾರೆ. ಪ್ರೊಡ್ಯೂಸರಿಗೆ ಬೇಡವಾದ ಮಾತು ಬಂದರೆ ಮೂರು ಸೆಕೆಂಡಿನಲ್ಲಿ ಕತ್ತರಿ. ಬೆಳಿಗ್ಗೆ ನಾನು ಇಲ್ಲಿರಲಿಲ್ಲ ಎಂದು ಮೊದಲೇ ಹೇಳಿದರೆ ಕಟ್ಟೆಯ ಮಾತು ಯಾರಿಗೂ ಮುಟ್ಟುವುದಿಲ್ಲ. ಮೊದಲು ಕಟ್ಟೆ, ಆಮೇಲೆ ದಾರಿ, ಆಮೇಲೆ ಮೂಟೆ, ಕೊನೆಗೆ ನನ್ನ ತಪ್ಪು. ಬೆರಳಲ್ಲಿ ನಾಲ್ಕನ್ನೂ ಎಣಿಸಿಕೊಂಡೆ.

ಒಂದು ಗಂಟೆ ಹತ್ತು ನಿಮಿಷ ನಿಲ್ಲಿಸಿದ ಮೇಲೆ ಕಿವಿಯಲ್ಲಿ ನಿರೂಪಕಿಯ ದನಿ ಕೇಳಿಸಿತು: "ಕಟ್ಟೆ ಒಡೆದ ಸ್ಥಳದಿಂದ ನಮ್ಮ ಪ್ರತಿನಿಧಿ ನೇರ ಸಂಪರ್ಕದಲ್ಲಿದ್ದಾರೆ."

"ಕಟ್ಟೆ ಒಡೆದಿಲ್ಲ" ಎಂದೆ. "ನೀವೇ ನೋಡಿ, ಇದು ಈ ಕ್ಷಣದ ಚಿತ್ರ. ಪೂರ್ತಿ ಕಟ್ಟೆ ನಿಂತಿದೆ. ಬಲಗಡೆ ಹರಿಯುತ್ತಿರುವುದು ಕೋಡಿ." ಕ್ಯಾಮೆರಾಮನ್ ಉಸಿರು ಬಿಗಿಹಿಡಿದು ತಿರುಗಿಸಿದ. ಚಿಂತಾಮಣಿ ಕಡೆಯ ರಸ್ತೆ ತೆರೆದಿದೆ, ಟ್ರ್ಯಾಕ್ಟರ್ ಬರಬಹುದು ಎಂದೆ. ತೂಬಿನ ಹತ್ತಿರ ಸೋರುತ್ತಿದೆ, ಮೂಟೆ ಮತ್ತು ಯಂತ್ರ ತಕ್ಷಣ ಬೇಕು ಎಂದೆ. ಕ್ಯಾಮೆರಾ ನನ್ನ ಮುಖಕ್ಕೆ ಬಂತು. ಸುತ್ತ ಊರಿನವರೆಲ್ಲ ನಿಂತಿದ್ದರು. "ಬೆಳಿಗ್ಗೆ ನಾನು ಹೇಳಿದ್ದು ತಪ್ಪು. ಆಗ ನಾನು ಇಲ್ಲಿರಲಿಲ್ಲ. ಕ್ಷಮೆ ಕೇಳುತ್ತೇನೆ" ಎಂದೆ. ಕಿವಿಯಲ್ಲಿ ಯಾವ ಸದ್ದೂ ಇರಲಿಲ್ಲ. ಆಮೇಲೆ ಯಾವುದೋ ಸೋಪಿನ ಜಾಹೀರಾತಿನ ಹಾಡು ಬಂತು.

ನಾವು ಏನು ಪ್ರಸಾರವಾಯಿತೆಂದು ಅಲ್ಲಿ ನೋಡುವಂತಿರಲಿಲ್ಲ. ಕರೆಂಟಿಲ್ಲ, ಇದ್ದಬದ್ದ ಸಿಗ್ನಲ್ಲನ್ನು ನನ್ನ ಬ್ಯಾಗು ನುಂಗಿತ್ತು. ಜನ ಮತ್ತೆ ಗುದ್ದಲಿ ಹಿಡಿದರು. ಹತ್ತು ನಿಮಿಷಕ್ಕೆ ಟೀಚರಮ್ಮನ ಫೋನ್ ಬಡಿದುಕೊಂಡಿತು. ಇಂಜಿನಿಯರ್.

"ಮೇಡಂ, ಆ ರಿಪೋರ್ಟರಮ್ಮ ನಿಜವಾಗ್ಲೂ ಅಲ್ಲೇ ಇದ್ದಾರಾ?"

"ಅವರೆಲ್ಲೂ ಹೋಗಲ್ಲ ಸರ್. ಕಾರಿನ ಕೀ ನನ್ನತ್ರ ಐತೆ."

"ಗಾಡಿಗಳು ಹೊರಟ್ವು. ನಾನೂ ಬರ್ತಾ ಇದೀನಿ."

ಹನ್ನೆರಡೂವರೆಗೆ ಟ್ರ್ಯಾಕ್ಟರ್‌ಗಳೂ ಜೆಸಿಬಿಯೂ ಬಂದವು. ಸೋರುತ್ತಿದ್ದ ಜಾಗದ ಸುತ್ತ ಕೆಳಗಡೆ ಮೂಟೆಗಳನ್ನು ಬಾವಿಯ ಕಟ್ಟೆಯ ಹಾಗೆ ಗುಂಡಗೆ ಪೇರಿಸಿದರು. ಒಳಗೆ ನೀರು ಏರಿ ನಿಂತರೆ ಅದರ ಭಾರಕ್ಕೆ ಸೋರಿಕೆಯ ರಭಸ ತಗ್ಗುತ್ತದಂತೆ. ನಾನೂ ಕ್ಯಾಮೆರಾಮನ್ನೂ ಮೂಟೆ ಹೊತ್ತೆವು. ನಾನು ಹೊತ್ತದ್ದಕ್ಕಿಂತ ಬೀಳಿಸಿದ್ದೇ ಹೆಚ್ಚು. ಮೂರು ಗಂಟೆಯ ಮೇಲೆ ತಾತ ಒಳಗಿನ ನೀರನ್ನು ಬೊಗಸೆಯಲ್ಲಿ ತೆಗೆದು ಬೆಳಕಿಗೆ ಹಿಡಿದರು. "ತಿಳಿಯಾಯ್ತು ಕಣಮ್ಮ" ಎಂದರು ಮಗಳಿಗೆ. ಅಲ್ಲಿದ್ದವರಲ್ಲಿ ಎಷ್ಟೋ ಮಂದಿ ಕೂತಲ್ಲೇ ಅತ್ತರು. ನಾನೂ ಅತ್ತೆ.

ಟೀಚರಮ್ಮ ಒಂದು ಚೊಂಬು ಮಜ್ಜಿಗೆ ತಂದು ಕೊಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದರು: "ಬೆಳಿಗ್ಗೆ ನಿಮ್ಮ ಮೇಲೆ ಬಲೇ ಕೋಪ ಬಂದಿತ್ತಮ್ಮ. ಆದ್ರೆ ಇಡೀ ರಾಜ್ಯದ ಮುಂದೆ ತಪ್ಪು ಒಪ್ಕೊಂಡ್ರಲ್ಲ, ಯಾರು ಮಾಡ್ತಾರೆ ಇವತ್ತು? ನಾಳೆ ಸ್ಕೂಲಲ್ಲಿ ಮಕ್ಕಳಿಗೆ ಹೇಳ್ತೀನಿ."

ನಾನು ಮಜ್ಜಿಗೆ ಕುಡಿಯುತ್ತಿದ್ದಾಗಲೇ ಪ್ರೊಡ್ಯೂಸರ್ ಫೋನ್ ಮಾಡಿದರು. ಖುಷಿಯಲ್ಲಿದ್ದರು. "ಆ ವೈಡ್ ಶಾಟ್ ಸೂಪರ್ ಕಣ್ರೀ. ಎಲ್ಲರೂ ಅದನ್ನೇ ಮಾತಾಡ್ತವ್ರೆ. ನೀವು ನಿಮ್ಮ ಸ್ವಂತ ಪುರಾಣ ಶುರು ಮಾಡಿದ ತಕ್ಷಣ ನಾನು ಕಟ್ ಮಾಡ್ದೆ. ತಪ್ಪು ಅನ್ನೋದು ಏನೂ ಹೋಗಿಲ್ಲ, ಹೆದರ್ಬೇಡಿ. ನಾಲ್ಕು ಗಂಟೆಗೆ ಮತ್ತೆ ಲೈವ್. ನಮ್ಮ ವರದಿಯಿಂದ ಊರು ಉಳೀತು ಅಂತ ಮಾಡಣ. ಆ ಟೀಚರ್ ಕೈಲೂ ಎರಡು ಮಾತು ಆಡ್ಸಿ."

ಬೆಳಿಗ್ಗೆಯಿಂದ ಕಟ್ಟೆಯ ಮೇಲೆ ಅಲುಗದೆ ನಿಂತಾಗಲೂ ಇಷ್ಟು ಸಿಕ್ಕಿಬಿದ್ದಂತೆ ಅನಿಸಿರಲಿಲ್ಲ. ಬೇಕಾದರೆ ಇಲ್ಲಿಗೇ ಮುಗಿಸಬಹುದಾಗಿತ್ತು. ಊರಿನವರ ಪಾಲಿಗೆ ನಾನು ತಪ್ಪೊಪ್ಪಿಕೊಂಡ ದೊಡ್ಡ ಮನಸ್ಸಿನವಳು, ಚಾನೆಲ್ಲಿನ ಪಾಲಿಗೆ ತಪ್ಪೇ ಮಾಡದ ವರದಿಗಾರ್ತಿ. ಮೊದಲ ಲೈವ್‌ನಲ್ಲಿ ಆ ಮಾತನ್ನು ಕೊನೆಗಿಟ್ಟದ್ದಕ್ಕೆ ಕಾರಣವಿತ್ತು. ಈಗ ಕಟ್ಟೆ ಉಳಿದಿತ್ತು, ಕಾರಣ ಉಳಿದಿರಲಿಲ್ಲ.

ಟೀಚರಮ್ಮನಿಗೆ ಹೇಳಿದೆ. "ನಾನು ಒಪ್ಪಿಕೊಂಡಿದ್ದು ಪ್ರಸಾರ ಆಗಿಲ್ಲ ಮೇಡಂ. ಕಟ್ ಮಾಡಿದಾರೆ."

ಅವರ ಮುಖ ಬಾಡಿತು. "ಹಂಗಾದ್ರೆ ಅದನ್ನ ಕೇಳಿಸ್ಕೊಂಡಿದ್ದು ನಾವಷ್ಟೇನಾ?" ಎಂದರು.

ನಾಲ್ಕಕ್ಕೆ ಐದು ನಿಮಿಷವಿರುವಾಗ ಅದೇ ಮಂಚದಷ್ಟು ಜಾಗದಲ್ಲಿ ನಿಂತೆ. ಬ್ಯಾಟರಿ ಕೆಂಪು ತೋರಿಸುತ್ತಿತ್ತು. ಟೀಚರಮ್ಮ ಪಕ್ಕದಲ್ಲಿದ್ದರು. ನಿರೂಪಕಿ ನಗುನಗುತ್ತ ನನ್ನನ್ನು ಕರೆದಳು, ನಮ್ಮ ವರದಿಯ ಫಲಶ್ರುತಿ ಏನೆಂದು ಕೇಳಿದಳು.

"ಇವತ್ತು ಬೆಳಿಗ್ಗೆ ಏಳೂವರೆಗೆ ಈ ಕಟ್ಟೆ ಒಡೆದಿದೆ ಎಂದು ಹೇಳಿದ್ದು ನಾನು" ಎಂದು, ಈ ಸಲ ಅದರಿಂದಲೇ ಶುರು ಮಾಡಿದೆ. "ಆಗ ನಾನು ಇಲ್ಲಿರಲಿಲ್ಲ, ಚಿಕ್ಕಬಳ್ಳಾಪುರದ ನನ್ನ ಮನೆಯಲ್ಲಿದ್ದೆ. ಆ ಮಾತು ಕೇಳಿ ಈ ಊರಿಗೆ ಬರುತ್ತಿದ್ದ ಟ್ರ್ಯಾಕ್ಟರ್‌ಗಳು ಅರ್ಧ ದಾರಿಯಲ್ಲಿ ನಿಂತವು."

ಪ್ರೊಡ್ಯೂಸರ್ ಕಿವಿಯಲ್ಲಿ ನನ್ನ ಹೆಸರು ಹಿಡಿದು ಕಿರುಚಿದರು. ನಾನು ಇಯರ್‌ಪೀಸ್ ಕಿತ್ತು ಹೆಗಲ ಮೇಲೆ ಬಿಟ್ಟು, ಮಿಕ್ಕದ್ದನ್ನೂ ಹೇಳಿದೆ.